ಗುಂಯ್ ಸದ್ದು ಮತ್ತು ಮೂರನೇ ಪಿನ್ನು

ಗಣೇಶನ ಹಬ್ಬ ಬಂದರೆ ನಮಗೆ ಎರಡು ಕೆಲಸ. ಹಗಲು ಪೇಪರಿಗೆ ಸುದ್ದಿ ಕಳಿಸೋದು, ರಾತ್ರಿ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸೋದು. ನಾಲ್ಕು ತಂತಿಯ ಈ ಗಿಟಾರ್ ಇದ್ದರೆ ಯಾರೂ ಗಮನಿಸಲ್ಲ, ಇಲ್ಲದಿದ್ದರೆ ಹಾಡು ಬೋಳು ಬೋಳು.

ಎರಡು ವರ್ಷದ ಹಿಂದೆ ಪಕ್ಕದ ಹೋಬಳಿಯ ಒಂದು ಊರಲ್ಲಿ ಸ್ಟೇಜ್ ಹತ್ತಿ ಆಂಪ್ ಆನ್ ಮಾಡಿದೆವು. ‘ಗುಂಯ್’ ಅಂತ ಶುರುವಾದ ಸದ್ದು ನಿಲ್ಲಲೇ ಇಲ್ಲ. ಮುಂದೆ ಕೂತ ಹುಡುಗರು "ಅಣ್ಣಾ, ಜೇನು ಎದ್ದೈತೆ!" ಅಂತ ನಗತೊಡಗಿದರು. ಯಾರೋ ಹಿಂದಿನಿಂದ "ಅರ್ತ್ ಕಿತ್ತಾಕಿ ಸಾರ್, ನಿಂತೋಗುತ್ತೆ" ಅಂದರು. ಹೇಳಿದವರು ಯಾರೋ, ಕಿತ್ತವರು ನಾವೇ. ಆಂಪಿನ ಪ್ಲಗ್ ಬಿಚ್ಚಿ, ಮೂರನೇ ಪಿನ್ನಿನ ಹಸಿರು ವೈರನ್ನು ಕಳಚಿದೆವು. ಸದ್ದು ನಿಂತಿತು. ಚಪ್ಪಾಳೆ ಬಿತ್ತು.

ನಮ್ಮ ಹತ್ತಿರ ಬಾಸ್ ಕಲಿಯುತ್ತಿದ್ದ ಪಿಯುಸಿ ಹುಡುಗನೊಬ್ಬನ ಊರು ಅದು. ಅವನ ಅಮ್ಮ ಮುಂದಿನ ಸಾಲಲ್ಲೇ ಕೂತಿದ್ದರು. ಮಗ ನುಡಿಸೋದನ್ನು ನೋಡಲಿ ಅಂತ ಎರಡು ಹಾಡಿಗೆ ಗಿಟಾರನ್ನು ಅವನ ಕೊರಳಿಗೆ ಹಾಕಿದೆವು. ಎರಡನೇ ಹಾಡಿನಲ್ಲಿ ಆಂಪಿನಿಂದ ಮಿಕ್ಸರ್‌ಗೆ ಹೋಗುವ ಕೇಬಲ್ ಯಾರದೋ ಕಾಲಿಗೆ ಸಿಕ್ಕಿ ಕಳಚಿತು. ಹುಡುಗ ಕೋರಸ್ ಹಾಡಲು ಮೈಕಿಗೆ ಬಾಯಿ ತಂದ. ಬೆರಳು ತಂತಿ ಮೇಲೆ, ತುಟಿ ಮೈಕಿನ ಜಾಲರಿ ಮೇಲೆ. ಒಂದೇ ಏಟಿಗೆ ಹಿಂದಕ್ಕೆ ಬಿದ್ದ. ಕೀಬೋರ್ಡಿನವರು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಹುಡುಗ ಬದುಕಿದ. ತುಟಿ ಮಾತ್ರ ಸುಟ್ಟಿತ್ತು. "ಏನಾಯ್ತಪ್ಪಾ?" ಅಂತ ಅವನ ಅಮ್ಮ ಕೇಳಿದಾಗ "ಲೂಸ್ ಕನೆಕ್ಷನ್ ಅಮ್ಮ" ಅಂದೆವು.

ಅದು ಸುಳ್ಳು. ‘ಆಕಸ್ಮಿಕವಾಗಿ ವಿದ್ಯುತ್ ಸ್ಪರ್ಶಿಸಿ ಯುವಕ ಸಾವು’ ಅಂತ ನಾಲ್ಕು ಸಾಲಿನ ಸುದ್ದಿ ನಾವೇ ಎಷ್ಟೋ ಸಲ ಕಳಿಸಿದ್ದೇವೆ. ಅವತ್ತು ಹೆಚ್ಚುಕಮ್ಮಿ ಆಗಿದ್ದರೂ ‘ಆಕಸ್ಮಿಕ’ ಅಂತಲೇ ಬರೆಯುತ್ತಿದ್ದೆವೇನೋ.

ಆಮೇಲೆ ಎಲೆಕ್ಟ್ರಿಷಿಯನ್ ಒಬ್ಬರ ಮುಂದೆ ಕೂತು ತಿಳಿದುಕೊಂಡೆವು. ಆಂಪ್ ಒಂದು ಬೋರ್ಡಿನಿಂದ, ಮಿಕ್ಸರ್ ಇನ್ನೊಂದು ಬೋರ್ಡಿನಿಂದ ಕರೆಂಟ್ ತಗೊಂಡಿದ್ದವು. ಎರಡಕ್ಕೂ ಅರ್ತ್ ಇದೆ, ನಡುವೆ ಕೇಬಲ್ಲೂ ಇದೆ. ಹೀಗೆ ಸುತ್ತಿಕೊಂಡ ದಾರಿಯಲ್ಲಿ ಹರಿಯುವ ಸಣ್ಣ ಕರೆಂಟೇ ‘ಗುಂಯ್’. ಹಸಿರು ವೈರು ಕಿತ್ತಾಗ ಸುತ್ತು ಕಡಿಯಿತು, ಸದ್ದು ನಿಂತಿತು. ಆದರೆ ಆಂಪಿನೊಳಗೆ ಸೋರುತ್ತಿದ್ದ ಕರೆಂಟಿಗೆ ಉಳಿದಿದ್ದು ಮಿಕ್ಸರ್ ಕೇಬಲ್ಲಿನ ದಾರಿ ಒಂದೇ. ಅದೂ ಕಳಚಿದ ಮೇಲೆ ಗಿಟಾರಿನ ತಂತಿಗೇ ಕರೆಂಟ್ ಬಂತು. ಮೈಕಿಗೆ ಅರ್ತ್ ಇತ್ತು. ನಡುವೆ ಹುಡುಗ ನಿಂತಿದ್ದ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಸ್ಟೇಜ್ ಮೇಲೆಯೇ ಸತ್ತಿದ್ದು ಇಂಥದ್ದೇ ಅರ್ತ್ ದೋಷದಿಂದ: ಒಂದು ಕೈ ಗಿಟಾರಿನ ಮೇಲೆ, ಇನ್ನೊಂದು ಮೈಕಿನ ಮೇಲೆ.

ಹಾಗಾದರೆ ಸದ್ದಿಗೇನು ಮಾಡೋದು? ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಗುಂಯ್ ಅಂದರೆ ತಪ್ಪು ಗಿಟಾರಿನದ್ದಲ್ಲ. ಮಿಕ್ಸರ್ ಕೇಬಲ್ ಎಳೆದಾಗ ನಿಂತರೆ ಅದು ಅರ್ತ್ ಸುತ್ತು. ಆಂಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಇಲ್ಲವೇ ನಡುವೆ ಡಿಐ ಬಾಕ್ಸ್ ಹಾಕಿ ಅದರ ‘ಗ್ರೌಂಡ್ ಲಿಫ್ಟ್’ ಗುಂಡಿ ಒತ್ತಿ. ಅದು ಸಿಗ್ನಲ್ ಕೇಬಲ್ಲಿನ ಸಂಪರ್ಕವನ್ನಷ್ಟೇ ಕಡಿಯುತ್ತೆ, ಪ್ರಾಣ ಕಾಯುವ ಅರ್ತನ್ನು ಮುಟ್ಟಲ್ಲ.

ವಾಲ್ಯೂಮ್ ಇಳಿಸಿದಾಗ ಸದ್ದು ನಿಂತರೆ ತೊಂದರೆ ಗಿಟಾರಿನ ಕಡೆ. ತಂತಿಯ ಕೆಳಗಿನ ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸುತ್ತಿದ ತಾಮ್ರದ ಎಳೆ. ತಂತಿಯ ನಡುಕದ ಜೊತೆಗೆ ಟ್ಯೂಬ್‌ಲೈಟ್ ಚೋಕು, ಟ್ರಾನ್ಸ್‌ಫಾರ್ಮರ್‌ಗಳ 50 ಹರ್ಟ್ಸ್ ಗುಂಯ್ ಕೂಡ ಅದಕ್ಕೆ ಸಿಕ್ಕಿಕೊಳ್ಳುತ್ತೆ. ಬಾಸಿನ ದಪ್ಪ ತಂತಿಯ ಸ್ವರವೇ 41 ಹರ್ಟ್ಸ್ ಸುಮಾರು, ಹಾಗಾಗಿ ಟೋನ್ ಇಳಿಸಿ ಪ್ರಯೋಜನವಿಲ್ಲ. ನಿಂತಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತೆ. ಜಾಝ್ ಬಾಸ್ ಮಾದರಿಯ ಗಿಟಾರಲ್ಲಿ ಎರಡು ಪಿಕಪ್ ಇರುತ್ತವೆ. ಎರಡರ ವಾಲ್ಯೂಮನ್ನೂ ಪೂರ್ತಿ ಇಟ್ಟರೆ ಒಂದರ ಗುಂಯ್ ಇನ್ನೊಂದರದ್ದನ್ನು ಹೊಡೆದುಹಾಕುತ್ತೆ. 1957ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬಾಸಿನ ಪಿಕಪ್ಪನ್ನು ಎರಡು ಭಾಗ ಮಾಡಿದಾಗಲೂ ಬಳಸಿದ್ದು ಇದೇ ಉಪಾಯ. ಒಳಗಿನ ಗೂಡಿಗೆ ತಾಮ್ರದ ಟೇಪ್ ಅಂಟಿಸಿ, ಗಿಟಾರಿನ ಗ್ರೌಂಡ್ ವೈರಿಗೆ ಬೆಸುಗೆ ಹಾಕಿದರೆ ‘ಕಿರ್ರ್’ ಸದ್ದು ಬಹಳ ಕಮ್ಮಿಯಾಗುತ್ತೆ.

ವಾರ ಬಿಟ್ಟು ಹುಡುಗನ ಮನೆಗೆ ಹೋಗಿ ಅವನ ಅಮ್ಮನಿಗೆ ನಿಜ ಹೇಳಿದೆವು. ಅವರು ಬೈಯಲಿಲ್ಲ. "ಅವತ್ತೇ ಹೇಳಬೇಕಿತ್ತಲ್ಲಪ್ಪ" ಅಂದರು, ಅಷ್ಟೇ. ಕಾಫಿ ಕೊಟ್ಟರು. ಕುಡಿಯೋದು ಕಷ್ಟವಾಯಿತು.

ಈಗ ಯಾವ ಊರಿಗೆ ಹೋದರೂ ಮೊದಲು ಅರ್ತ್ ಎಲ್ಲಿ ಅಂತ ಕೇಳುತ್ತೇವೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಬೋರ್ಡನ್ನು ನಾವೇ ಒಯ್ಯುತ್ತೇವೆ. ಪೆಂಡಾಲಿನವರು ಗೊಣಗುತ್ತಾರೆ, ತಡವಾಗುತ್ತೆ. ಹುಡುಗ ಆರು ತಿಂಗಳಾದ ಮೇಲೆ ಮತ್ತೆ ಕಲಿಯಲು ಬಂದ. ಗಿಟಾರ್ ಎತ್ತಿಕೊಳ್ಳುವ ಮೊದಲು ಆಂಪಿನ ಹಿಂದೆ ಬಗ್ಗಿ ಪ್ಲಗ್ ನೋಡಿದ. ನಾವು ಏನೂ ಮಾತಾಡಲಿಲ್ಲ.