ಸಿರುಗುಪ್ಪದ ದಾರಿಯಲ್ಲಿ ಬೇಡಿಕೆಯ ಮಾತು

ಕಳೆದ ಮಾಘಮಾಸದಲ್ಲಿ ಸಿರುಗುಪ್ಪದಲ್ಲಿರುವ ನನ್ನ ತಂಗಿಯಿಂದ ಕರೆ ಬಂದಿತು. ಅವಳ ಮೊಮ್ಮಗಳು ಕಾಲೇಜಿಗೆ ಕಟ್ಟತಕ್ಕ ಹಣದ ಗಡುವು ಸಮೀಪಿಸಿದ್ದಿತು. ಮಾರಿದ ಭತ್ತದ ಹಣ ಕೈಸೇರಲು ಇನ್ನೂ ಹದಿನೈದು ದಿನ ಹಿಡಿಯುವಂತಿದ್ದಿತು. ಅಲ್ಲಿಯವರೆಗೆ ಅವಕಾಶ ಬೇಡಿ ಇಂಗ್ಲಿಷಿನಲ್ಲಿ ಬರೆಯುವ ಕಾಗದವನ್ನು ಅಣ್ಣನೇ ಬಂದು ತಿದ್ದಿಕೊಡಬೇಕೆಂದು ಅವಳ ಹಠ. ಮೂವತ್ತು ವರ್ಷ ಸಂಸ್ಕೃತವನ್ನೂ, ಬೇರೆ ಉಪಾಧ್ಯಾಯರಿಲ್ಲದಾಗ ಇಂಗ್ಲಿಷನ್ನೂ ಕಲಿಸಿದವನಿಗೆ ಇದೇನು ಮಹಾ ಎಂದುಕೊಂಡು ಬಳ್ಳಾರಿಯಿಂದ ಹೊರಟೆನು. ಸ್ವಲ್ಪ ಬಳಸುದಾರಿಯಾದರೂ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನ ಮಾಡಿಕೊಂಡೇ ಹೋಗಬೇಕೆಂದು ನನ್ನ ಆಸೆ.

ಇಂಗ್ಲಿಷಿನಲ್ಲಿ ಬೇಡುವುದನ್ನು ಬಳ್ಳಾರಿಯು ಬಹಳ ಹಿಂದೆಯೇ ಕಲಿತ ಊರು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಯವರಿಗೆ ಬಿಟ್ಟುಕೊಟ್ಟನು. 1807ರವರೆಗೆ ಥಾಮಸ್ ಮನ್ರೋ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದನು. 1953ರಲ್ಲಿ ಮೈಸೂರಿಗೆ ಸೇರುವವರೆಗೂ ನಮ್ಮ ಜಿಲ್ಲೆಯ ಮೇಲಿನ ದರ್ಬಾರು ಮದರಾಸಿನದು. 1810ರಲ್ಲಿ ಇಲ್ಲಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸನ ಜೊತೆಗಾರ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರಡಿಸಿದನು. ಆದರೆ ಎರಡು ಭಾಷೆಗಳ ವಿನಯವನ್ನು ಸರಿಹೊಂದಿಸುವುದು ಯಾವ ನಿಘಂಟಿಗೂ ಸುಲಭವಲ್ಲ. ಅದರ ಕಷ್ಟವು ನನಗೆ ಸಿರುಗುಪ್ಪದಲ್ಲಿ ತಿಳಿಯಿತು.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ನನ್ನ ಬಳಿ ನಿಂತು, “ಯಪ್ಪಾ, ಈಟು ಆ ಕಡಿ ಸರದ್ರ ನಾನೂ ಕುಂದರತೀನಿ” ಎಂದಳು. ಸರಿಯೆಂದು ಅವಳು ಆಜ್ಞಾಪಿಸಲಿಲ್ಲ. ಸರಿದರೆ ಏನಾಗುವುದೆಂಬುದನ್ನು ಮಾತ್ರ ಹೇಳಿದಳು. ಸರಿಯದೆ ಕುಳಿತಿರುವುದು ಯಾರಿಗೆ ಸಾಧ್ಯ?

ಕುರುಗೋಡು ಒಮ್ಮೆ ಸಿಂದರ ಅರಸುಮನೆತನದ ರಾಜಧಾನಿಯಾಗಿದ್ದ ಊರು. ಗುಡ್ಡವೂ ಕೋಟೆಯೂ ಆ ಕಾಲವನ್ನು ನೆನಪಿಗೆ ತರುತ್ತವೆ. ದೊಡ್ಡಬಸವೇಶ್ವರನಾದರೋ ಒಂದೇ ಕಲ್ಲಿನಲ್ಲಿ ಕಡೆದ ಬೃಹತ್ತಾದ ನಂದಿ. ಎದುರಿಗೆ ನಿಂತವನು ತಾನಾಗಿಯೇ ಧ್ವನಿ ತಗ್ಗಿಸುವನು. ನನ್ನ ಪಕ್ಕದಲ್ಲಿದ್ದ ಹೆಂಗಸು, “ಮಗಳ ಹೆರಿಗಿ ಸುಸೂತ್ರ ಆದ್ರ ಬಂದು ಕಾಯಿ ಒಡಿಸ್ತೀನಿ, ಬಸವಣ್ಣಾ” ಎಂದು ಹರಕೆ ಹೊತ್ತಳು. ಇದೂ ‘ಆದರೆ’ಯ ಮಾತೇ, ಆದರೆ ಬಸ್ಸಿನ ಮುದುಕಿಯ ಮಾತಿನಂತಲ್ಲ. ಇಲ್ಲಿ ಕೊಡು-ಕೊಳ್ಳುವ ಒಪ್ಪಂದವುಂಟು. ದೇವರೊಡನೆ ಇಷ್ಟು ಸಲುಗೆ ಸಲ್ಲುವುದು. ಕಾಲೇಜಿನ ಪ್ರಿನ್ಸಿಪಾಲರೊಡನೆ ಸಲ್ಲದು.

ಸಿರುಗುಪ್ಪಕ್ಕೆ ಸಮೀಪಿಸಿದಂತೆ ಕಾಲುವೆಗಳೂ ಗದ್ದೆಗಳೂ ಅಕ್ಕಿಯ ಗಿರಣಿಗಳೂ ಕಾಣುತ್ತವೆ. ಎಲ್ಲವೂ ತುಂಗಭದ್ರೆಯ ಕೃಪೆ. ಊಟವಾದ ಮೇಲೆ ಹುಡುಗಿಯು ಕಾಗದವನ್ನು ತಂದಿಟ್ಟಳು. ಮೊದಲನೆಯ ವಾಕ್ಯವೇ, “ಯು ಮಸ್ಟ್ ಗಿವ್ ಮಿ ಫಿಫ್ಟೀನ್ ಡೇಸ್”! “ತಾವು ಹದಿನೈದು ದಿನ ಅವಕಾಶ ಕೊಡಬೇಕು” ಎಂದು ಕನ್ನಡದಲ್ಲಿ ಕೈಮುಗಿದು ಹೇಳುವ ಮಾತು ಇಂಗ್ಲಿಷಿಗೆ ಹೋಗಿ ಜಮೀನ್ದಾರನ ಅಪ್ಪಣೆಯಾಗಿದ್ದಿತು. ಎರಡನೆಯದು, “ಇಫ್ ಯು ಡೂ ನಾಟ್ ಗಿವ್, ಮೈ ಸ್ಟಡೀಸ್ ವಿಲ್ ಸ್ಟಾಪ್.” ಮಗುವಿನ ಸಂಕಟ ನಿಜ, ಆದರೆ ‘ಕೊಡದಿದ್ದರೆ’ ಎಂದೊಡನೆ ಬೇಡಿಕೆಯು ಬೆದರಿಕೆಯ ರೂಪ ತಾಳುವುದು. ಎರಡನ್ನೂ ಹೊಡೆದುಹಾಕಿದೆನು.

ಮೂರನೆಯದು, “ಇಫ್ ಯು ವುಡ್ ಅಲೌ ಮಿ ಫಿಫ್ಟೀನ್ ಡೇಸ್, ಐ ವುಡ್ ಬಿ ಗ್ರೇಟ್‌ಫುಲ್.” ‘ಇಫ್’ ಬಂದ ಕಡೆ ‘ವುಡ್’ ಬರಕೂಡದೆಂದು ಮೂವತ್ತು ವರ್ಷ ಕಲಿಸಿದ ಕೈಯು ತಾನಾಗಿಯೇ ಮೊದಲನೆಯ ‘ವುಡ್’ ಮೇಲೆ ಗೆರೆ ಎಳೆಯಿತು. “ಅಜ್ಜಾ, ಅದು ತಪ್ಪಲ್ಲ. ಪುಸ್ತಕ ನೋಡಿಯೇ ಬರೆದೆ” ಎಂದಳು ಹುಡುಗಿ. ಪುಸ್ತಕವನ್ನು ತರಿಸಿ ಓದಿದೆನು. ಅವಳೇ ಸರಿ.

ಮಳೆ ಬಂದರೆ ಎನ್ನುವಾಗ ‘ಇಫ್ ಇಟ್ ವುಡ್ ರೇನ್’ ಎನ್ನಬಾರದು, ಮಳೆಗೆ ಮನಸ್ಸೆಂಬುದಿಲ್ಲ. ಮನುಷ್ಯನಿಗುಂಟು. ‘ವಿಲ್’ ಎಂಬ ಶಬ್ದದ ಹಳೆಯ ಅರ್ಥವೇ ಇಚ್ಛೆ. ಆದಕಾರಣ ‘ಇಫ್ ಯು ವುಡ್’ ಎಂದರೆ ತಮಗೆ ಮನಸ್ಸಾದರೆ ಎಂದಾಯಿತು. ‘ವಿಲ್’ ಎನ್ನದೆ ಅದರ ಭೂತರೂಪವಾದ ‘ವುಡ್’ ಎನ್ನುವುದೇಕೆ? ಕಾಲವು ಹಿಂದಿನದೆಂದಲ್ಲ, ಕೇಳುವವನು ಒಂದು ಹೆಜ್ಜೆ ಹಿಂದೆ ನಿಂತಿರುವನೆಂದು. ವಿಚಿತ್ರವೆಂದರೆ ನಮ್ಮ ‘ಕೊಟ್ಟರೆ’ಯಲ್ಲಿಯೂ ಇರುವುದು ‘ಕೊಟ್ಟ’ ಎಂಬ ಭೂತರೂಪವೇ! ಇನ್ನೂ ಕೊಡದುದನ್ನು ಕೊಟ್ಟಂತೆಯೇ ಎಣಿಸಿ ಬೇಡುತ್ತೇವೆ. ಸಂಸ್ಕೃತದಲ್ಲಿ ‘ಯದಿ ಭವಾನ್ ಆಗಚ್ಛೇತ್, ಅಹಂ ತುಷ್ಯೇಯಮ್’ ಎಂದು ವಿಧಿಲಿಙ್ ಪ್ರಯೋಗಿಸುತ್ತೇವಲ್ಲವೆ? ಇದು ಹೀಗಾದರೆ ಅದು ಹಾಗಾದೀತೆಂಬ ಕಾರ್ಯಕಾರಣಭಾವಕ್ಕೂ, ಪ್ರಾರ್ಥನೆಗೂ ಪಾಣಿನಿಯು ಆ ಒಂದೇ ಲಕಾರವನ್ನು ವಿಧಿಸಿದ್ದಾನೆ. ಇದನ್ನು ಬೆಳಗಿನ ತರಗತಿಯಲ್ಲಿ ಪಾಠ ಹೇಳಿ, ಮಧ್ಯಾಹ್ನ ಇಂಗ್ಲಿಷ್ ತರಗತಿಯಲ್ಲಿ ಅದೇ ಸಂಗತಿಯನ್ನು ತಪ್ಪೆಂದು ಹೊಡೆದುಹಾಕುತ್ತಿದ್ದವನು ನಾನು. ಹಿಂದೊಮ್ಮೆ ರಜೆಯ ಪತ್ರ ಬರೆಯುವ ಪರೀಕ್ಷೆಯಲ್ಲಿ ‘ಇಫ್ ಯು ವುಡ್ ಕೈಂಡ್ಲಿ’ ಎಂದು ಬರೆದ ಹುಡುಗನಿಗೆ ಎರಡು ಅಂಕ ಕಳೆದಿದ್ದೆನು. “ಸಾರ್, ನಮ್ಮ ಮಾವನವರು ಹೀಗೇ ಬರೆಯುತ್ತಾರೆ” ಎಂದಾಗ, ನಿಮ್ಮ ಮಾವನವರೇ ಬಂದು ಪಾಠ ಹೇಳಲಿ ಎಂದು ಗದರಿಸಿದ್ದೆನು. ಅವನ ಮುಖ ಕಣ್ಣಿಗೆ ಕಟ್ಟಿದೆ, ಹೆಸರು ನೆನಪಾಗಲೊಲ್ಲದು.

ಗೆರೆ ಎಳೆದ ಹಾಳೆಯನ್ನು ಹರಿದು, ಹುಡುಗಿಯ ಮೂರನೆಯ ವಾಕ್ಯವನ್ನೇ ಮೊದಲಿಗಿಟ್ಟು, ಅದರ ಕೆಳಗೆ ಭತ್ತದ ಹಣ ಬರುವ ದಿನವನ್ನು ಸ್ಪಷ್ಟವಾಗಿ ಬರೆಸಿದೆನು. ‘ಕೈಂಡ್ಲಿ’ಯನ್ನು ನಾಲ್ಕು ಕಡೆ ಸೇರಿಸಬೇಕೆಂದು ತಂಗಿ ಹೇಳಿದಳು, ಬೇಡವೆಂದೆನು. ಸಂಜೆಯೇ ಕಾಗದವು ಇ-ಮೇಲಿನಲ್ಲಿ ಹೋಯಿತು.

ಮೂರನೆಯ ದಿನ ಉತ್ತರ ಬಂದಿತು. ಹತ್ತು ದಿನಗಳ ಅವಕಾಶ ಸಿಕ್ಕಿದ್ದಿತು, ಕೇಳಿದ್ದು ಹದಿನೈದು. ಹುಡುಗಿಯು ಏನನ್ನೂ ಹೇಳದೆ ಒಳಕ್ಕೆ ಹೋದಳು. ತಂಗಿಯು ಅಕ್ಕಿ ಆರಿಸುತ್ತ ಮೊರದಿಂದ ತಲೆಯೆತ್ತದೆ, “ಅಣ್ಣಾ, ನಿನ್ನ ಪಿಂಚಣಿ ದುಡ್ಡು ಏನಾರ ಇದ್ದ್ರ…” ಎಂದು ಅರ್ಧಕ್ಕೇ ನಿಲ್ಲಿಸಿದಳು. ಉಳಿದರ್ಧವನ್ನು ಅವಳಿಂದ ಹೇಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆನು.