ಬೀಳುವ ಹಲ್ಲು ತಾನೇ?

ಮಗುವಿನ ದವಡೆ ಹಲ್ಲು ಹುಳುಕಾಗಿ ಕಪ್ಪಿಟ್ಟಿದ್ದರೂ ಮನೆಯ ಹಿರಿಯರು ನಿಶ್ಚಿಂತೆಯಿಂದ ಆಡುವ ಮಾತೊಂದಿದೆ: "ಬೀಳೋ ಹಲ್ಲು ತಾನೇ, ಬಿಡಿ." ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಗೇಟಿನ ಮುಂದೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಸುಮ್ಮನಿರಲಾರೆ. ಬೀಳುವುದೇನೋ ನಿಜ. ಯಾವಾಗ ಬೀಳಬೇಕು, ಬೀಳುವ ಮೊದಲು ಏನೇನು ಮಾಡಿ ಮುಗಿಸಬೇಕು ಎಂಬುದಕ್ಕೆ ಆ ಹಲ್ಲಿಗೂ ಒಂದು ಲೆಕ್ಕವಿದೆ.

ಮಗು ಅಂಗೈಯಲ್ಲಿಟ್ಟು ತೋರಿಸುವ ಹಲ್ಲನ್ನು ಒಮ್ಮೆ ತಿರುಗಿಸಿ ನೋಡಿ. ಅದಕ್ಕೆ ಬೇರೇ ಇರುವುದಿಲ್ಲ. ಬೇರು ಒಳಗೇ ಮುರಿದುಕೊಂಡಿತೇನೋ ಎಂದು ಗಾಬರಿಪಡುವ ತಾಯಂದಿರಿದ್ದಾರೆ. ಬೇರು ಇತ್ತು, ಚೆನ್ನಾಗಿಯೇ ಇತ್ತು. ಅಡಿಯಿಂದ ಬರುತ್ತಿದ್ದ ಹಲ್ಲಿಗೆ ದಾರಿ ಬಿಡುತ್ತ ಕರಗಿಹೋಗಿದೆ. ಹೊಸ ಹಲ್ಲು ದವಡೆಯ ಮೂಳೆಯೊಳಗೆ ಪುಟ್ಟ ಚೀಲದಲ್ಲಿ ವರ್ಷಗಟ್ಟಲೆ ಬೆಳೆಯುತ್ತಿರುತ್ತದೆ. ಅದು ಮೇಲೇಳತೊಡಗಿದಾಗ ಮೂಳೆಯನ್ನೂ ಹಾಲುಹಲ್ಲಿನ ಬೇರನ್ನೂ ಕರಗಿಸುವ ಜೀವಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಈ ಕೆಲಸ ಒಂದೇ ಸಮನೆ ನಡೆಯುವುದಿಲ್ಲ. ಕೆಲವು ದಿನ ಕರಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತ ಹೊತ್ತಿನಲ್ಲಿ ಕರಗಿದ ಜಾಗವನ್ನು ದೇಹ ಅಷ್ಟಿಷ್ಟು ತುಂಬಿಕೊಳ್ಳುವುದೂ ಉಂಟು. ಹೋದ ವಾರ ತೂಗಾಡುತ್ತಿದ್ದ ಹಲ್ಲು ಈ ವಾರ ಗಟ್ಟಿಯಾಗಿ ಕೂತು ಮಗುವಿನ ಮುಖ ಸಪ್ಪಗಾಗುವುದು ಇದರಿಂದಲೇ. ದಾರ ಕಟ್ಟಿ ಬಾಗಿಲಿಗೆ ಬಿಗಿಯುವ ಅಣ್ಣಂದಿರು ಇಷ್ಟನ್ನು ತಿಳಿದಿದ್ದರೆ ಸಾಕಿತ್ತು. ನಾಲಿಗೆಯ ತುದಿಯಿಂದ ಅಲ್ಲಾಡಿಸುತ್ತ ಅಲ್ಲಾಡಿಸುತ್ತ ಮಗು ತಾನೇ ಕೀಳುವ ಹಲ್ಲಿಗೆ ನೋವೂ ಕಡಿಮೆ, ರಕ್ತವೂ ಕಡಿಮೆ. ಕೆಲವರಿಗೆ ಹುಟ್ಟಿನಿಂದಲೇ ಒಂದೆರಡು ಶಾಶ್ವತ ಹಲ್ಲುಗಳ ಮೊಳಕೆ ಇರುವುದಿಲ್ಲ. ಅಂಥ ಕಡೆ ಅಡಿಯಿಂದ ಬರುವವರು ಯಾರೂ ಇಲ್ಲದ್ದರಿಂದ ಹಾಲುಹಲ್ಲು ಎಷ್ಟೋ ವರ್ಷ ಅಲ್ಲೇ ನಿಲ್ಲುತ್ತದೆ. ನಲವತ್ತು ದಾಟಿದವರ ಬಾಯಲ್ಲೂ ಅಂಥ ಹಲ್ಲು ಕಂಡದ್ದಿದೆ.

ಹಾಲುಹಲ್ಲುಗಳು ಒಟ್ಟು 20. ಆರು ತಿಂಗಳ ಸುಮಾರಿಗೆ ಕೆಳಗಿನ ಎರಡು ಮೊದಲು ಮೂಡುತ್ತವೆ, ಮೂರು ವರ್ಷ ತುಂಬುವುದರೊಳಗೆ ಎಲ್ಲವೂ ಬಂದಿರುತ್ತವೆ. ಬೀಳುವುದಕ್ಕೆ ಶುರುವಾಗುವುದು ಆರರ ಆಸುಪಾಸಿನಲ್ಲಿ, ಅದೂ ಕೆಳಗಿನ ಆ ಎರಡರಿಂದಲೇ. ಒಂದು ವರ್ಷ ಹಿಂದುಮುಂದಾದರೆ ಚಿಂತಿಸಬೇಕಾಗಿಲ್ಲ. ಕೆಲವು ಮಕ್ಕಳಿಗೆ ಹಳೆಯದು ಬೀಳುವ ಮೊದಲೇ ಹೊಸದು ಅದರ ಹಿಂದೆ ಇಣುಕಿ, ಕೆಳಗೆ ಎರಡು ಸಾಲು ಹಲ್ಲು ಕಾಣಿಸುತ್ತದೆ. ಮನೆಯವರು ಹೆದರುತ್ತಾರೆ. ಹಳೆಯದು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮೆಲ್ಲಮೆಲ್ಲಗೆ ಮುಂದಕ್ಕೆ ತಳ್ಳಿ ಸಾಲಿಗೆ ಸೇರಿಸುತ್ತದೆ. ಹಳೆಯದು ಅಲ್ಲಾಡದೆ ಹಟ ಹಿಡಿದು ಕೂತರೆ ಮಾತ್ರ ದಂತವೈದ್ಯರಿಗೆ ತೋರಿಸಿದರಾಯಿತು.

ನಾನು ಎಲ್ಲರ ಕೈಹಿಡಿದು ಹೇಳಬೇಕೆನ್ನುವ ಸಂಗತಿ ಬೇರೆ ಇದೆ. ಆರನೇ ವರ್ಷದಲ್ಲಿ, ಮುಂದಿನ ಹಲ್ಲು ಬಿದ್ದ ಸಂಭ್ರಮದಲ್ಲಿ ಮನೆಯೆಲ್ಲ ಮುಳುಗಿರುವಾಗ, ಬಾಯಿಯ ತೀರಾ ಹಿಂದೆ ನಾಲ್ಕು ಮೂಲೆಗಳಲ್ಲಿ ನಾಲ್ಕು ದೊಡ್ಡ ದವಡೆ ಹಲ್ಲುಗಳು ಸದ್ದಿಲ್ಲದೆ ಬರುತ್ತವೆ. ಅವು ಬರುವುದಕ್ಕೆ ಯಾವ ಹಲ್ಲೂ ಬೀಳಬೇಕಾಗಿಲ್ಲ. ಬೀಳದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಬಂದರೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಮುಪ್ಪಿನವರೆಗೆ ರೊಟ್ಟಿ, ಚಕ್ಕುಲಿ, ಹುರಿಗಾಳು ಜಗಿಯಬೇಕಾದ ಹಲ್ಲುಗಳು ಇವು. ಇವುಗಳ ಮೇಲಿನ ಸೀಳುಗಳಲ್ಲಿ ಬಿಸ್ಕತ್ತು, ಚಾಕೊಲೇಟು ಮೆತ್ತಿಕೊಂಡು ಎಂಟು ಒಂಬತ್ತನೇ ವರ್ಷಕ್ಕೇ ಹುಳುಕು ಹಿಡಿದಿರುತ್ತದೆ. ಆಗಲೂ ಅದೇ ಮಾತು: ಬೀಳೋ ಹಲ್ಲು ತಾನೇ! ಅದು ಬಿದ್ದರೆ ಇನ್ನೊಂದು ಬರುವುದಿಲ್ಲ.

ಅದರ ಮುಂದೆ ನಿಂತಿರುವ ಹಾಲಿನ ದವಡೆ ಹಲ್ಲುಗಳಾದರೂ ಬೀಳಬೇಕಾದದ್ದು ಹತ್ತರಿಂದ ಹನ್ನೆರಡರ ನಡುವೆ. ನಾಲ್ಕನೇ ವರ್ಷದಲ್ಲಿ ಹುಳುಕಾದ ಹಲ್ಲಿಗೆ ಇನ್ನೂ ಆರೇಳು ವರ್ಷದ ಸೇವೆ ಬಾಕಿಯಿರುತ್ತದೆ. ಊಟ ಜಗಿಯುವುದರ ಜೊತೆಗೆ, ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗಾಗಿ ಜಾಗ ಹಿಡಿದಿರುವ ಕೆಲಸವೂ ಅದರದೇ. ರಷ್ ಬಸ್ಸಿನಲ್ಲಿ ಸೀಟಿನ ಮೇಲೆ ಹಾಸಿದ ಟವೆಲ್ಲಿನ ಹಾಗೆ. ಅದನ್ನು ಬೇಗ ಕಿತ್ತರೆ ಹಿಂದಿನ ದೊಡ್ಡ ದವಡೆ ಹಲ್ಲು ಮುಂದಕ್ಕೆ ಜರುಗಿ ಆ ಜಾಗವನ್ನು ಆಕ್ರಮಿಸುತ್ತದೆ. ಹತ್ತನೇ ವರ್ಷಕ್ಕೆ ಬಂದ ಹಲ್ಲು ಜಾಗ ಕಾಣದೆ ಅಡ್ಡಾದಿಡ್ಡಿ ಹೊರಡುತ್ತದೆ, ಇಲ್ಲವೇ ಮೂಳೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಲುಹಲ್ಲಿನ ಬೇರಿಗೆ ಕೀವು ಇಳಿದರೆ ಅಡಿಯ ಹಲ್ಲಿನ ಎನಾಮೆಲ್ಲಿಗೂ ಕಲೆ ಬೀಳಬಹುದು. ಆಮೇಲೆ ಹರೆಯದಲ್ಲಿ ತಂತಿ ಕಟ್ಟಿಸಲು ದುಡ್ಡು ಹೊಂದಿಸುವ ಅಪ್ಪ ಅಮ್ಮಂದಿರನ್ನು ಕಂಡು ನನಗೆ ಸಂಕಟವಾಗುತ್ತದೆ. ಎಷ್ಟೋ ಮಕ್ಕಳಿಗೆ ಅಂದು ಚಿಕ್ಕ ತೂತು ತುಂಬಿಸಿದ್ದರೆ ಸಾಕಾಗುತ್ತಿತ್ತು.

ದನಗಳ ವಿಷಯದಲ್ಲಿ ನಮ್ಮ ರೈತರು ಇಷ್ಟು ಉದಾಸೀನರಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಹೋರಿಯ ಮೈ ಸವರುವುದು, ಸುಳಿ ನೋಡುವುದು ಎಲ್ಲ ಆದ ಮೇಲೆ ಕೊಳ್ಳುವವನು ಅದರ ಕೆಳತುಟಿ ಬಿಡಿಸಿ ಹಲ್ಲು ನೋಡಿಯೇ ನೋಡುತ್ತಾನೆ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಕೆಳಗಿನ ಎಂಟೇ ಅದರ ಜಾತಕ. ಎರಡು ವರ್ಷ ದಾಟಿದ ಮೇಲೆ ನಡುವಿನ ಜೋಡಿ ಬಿದ್ದು ಅಗಲ ಹಲ್ಲು ಬಂದರೆ ಎರಡಲ್ಲು. ಆಮೇಲೆ ನಾಕಲ್ಲು, ಆರಲ್ಲು. ಎಂಟೂ ಬಂದರೆ ಬಾಯ್ಗೂಡಿತು ಎನ್ನುತ್ತಾರೆ, ಆಗ ಅದಕ್ಕೆ ಐದರ ಸುಮಾರು. ಬೆಲೆ ನಿಲ್ಲುವುದು ಈ ಲೆಕ್ಕದ ಮೇಲೆ.

ಮನುಷ್ಯರ ಮಕ್ಕಳ ಬಾಯನ್ನೂ ಹೀಗೆ ತೆರೆಸಿ ನೋಡಿದ ಕಾಲವಿತ್ತು. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನವರನ್ನು ಬಟ್ಟೆ ಗಿರಣಿಗೆ ಸೇರಿಸಬಾರದೆಂದಿತು. ಆದರೆ ಬಡವರ ಮಕ್ಕಳಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಎತ್ತರ ನೋಡಿ ವಯಸ್ಸು ಬರೆಯುತ್ತಿದ್ದರು. ತುಸು ಉದ್ದವಾಗಿ ಬೆಳೆದ ಎಳೆಯ ಕೂಸು ಗಿರಣಿಯ ಪಾಲಾಗುತ್ತಿತ್ತು. 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲೇ ನಂಬಿಕಸ್ತ ಸಾಕ್ಷಿ ಎಂದು ಅಲ್ಲಿನ ಪಾರ್ಲಿಮೆಂಟಿನ ಸದಸ್ಯರನ್ನು ಉದ್ದೇಶಿಸಿ ಬರೆದ. ಒಂದು ಹಲ್ಲು ಇನ್ನೂ ಬಂದಿಲ್ಲವೆಂಬುದು ಒಂದು ಮಗುವಿನ ಬಾಲ್ಯವನ್ನು ಕಾಯಬಲ್ಲದು ಎಂದು ಕಂಡುಕೊಂಡ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಮೇಲಿನ ಎರಡು ಹೊಸ ಬಾಚಿಹಲ್ಲು ಬಂದಾಗ ಇನ್ನೊಂದು ಸುತ್ತಿನ ಆತಂಕ ಶುರುವಾಗುತ್ತದೆ. ಅಂಚು ಗರಗಸದ ಹಾಗೆ, ಬಣ್ಣ ಹಳೆಯವಕ್ಕಿಂತ ಹಳದಿ, ನಡುವೆ ಸಂದು. ಅಂಚು ಕಚ್ಚುತ್ತ ಕಚ್ಚುತ್ತ ಸವೆಯುತ್ತದೆ. ಹೊಸ ಹಲ್ಲಿನೊಳಗಿನ ಹಳದಿ ಪದರ ದಪ್ಪವಾದ್ದರಿಂದ ಆ ಬಣ್ಣ, ಅದು ಕೊಳೆಯಲ್ಲ. ಸಂದು ಬಹುಮಟ್ಟಿಗೆ ಹನ್ನೊಂದು ಹನ್ನೆರಡರಲ್ಲಿ ಕೋರೆಹಲ್ಲು ಇಳಿದಾಗ ತಾನೇ ಮುಚ್ಚುತ್ತದೆ.

ಬಿದ್ದ ಹಲ್ಲನ್ನು ಏನು ಮಾಡಬೇಕು? ನಮ್ಮ ಕಡೆ ಸೆಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದರು. ತಾರಸಿ ಮನೆಗಳು ಬಂದ ಮೇಲೆ ಗಿಡದ ಬುಡ ಸೇರುತ್ತಿದೆ. ಜಪಾನಿನಲ್ಲಿ ಕೆಳಗಿನ ಹಲ್ಲನ್ನು ಮಾಡಿನ ಮೇಲಕ್ಕೆ, ಮೇಲಿನ ಹಲ್ಲನ್ನು ನೆಲಗಟ್ಟಿನ ಅಡಿಗೆ ಎಸೆಯುತ್ತಾರೆ, ಹೊಸದು ಆ ದಿಕ್ಕಿಗೇ ನೆಟ್ಟಗೆ ಬೆಳೆಯಲೆಂದು. ಸ್ಪೇನಿನಲ್ಲಿ ಅದು ಇಲಿಯ ಪಾಲು. 1894ರ ಸುಮಾರಿಗೆ ಲೂಯಿಸ್ ಕೊಲೊಮಾ ಎಂಬ ಪಾದ್ರಿ ಬಾಲರಾಜ ಹದಿಮೂರನೇ ಅಲ್ಫೊನ್ಸೊನಿಗಾಗಿ ಹಲ್ಲು ಒಯ್ಯುವ ಇಲಿಯ ಕಥೆ ಬರೆದುಕೊಟ್ಟ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಬೇಡುವುದಾದರೆ ಅದರ ಹತ್ತಿರವೇ ಬೇಡಬೇಕು.

ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳು ಮಾತ್ರ 1958ರ ಕೊನೆಯಿಂದ ತಮ್ಮ ಹಲ್ಲುಗಳನ್ನು ಅಂಚೆಯಲ್ಲಿ ಕಳಿಸತೊಡಗಿದರು. ಬಯಲಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದ ಕಾಲ. ಗಾಳಿಯಲ್ಲಿ ಹಾರಿದ ಸ್ಟ್ರಾನ್ಷಿಯಂ-90 ಹುಲ್ಲಿನ ಮೇಲೆ ಇಳಿದು, ಹಸುವಿನ ಹಾಲಿನಲ್ಲಿ ಹರಿದು, ಸುಣ್ಣದಂಶದ ವೇಷದಲ್ಲಿ ಮಕ್ಕಳ ಹಲ್ಲು ಸೇರುತ್ತಿದೆಯೇ ಎಂದು ಲೂಯಿಸ್ ರೀಸ್ ಎಂಬ ವೈದ್ಯೆಯ ನೇತೃತ್ವದಲ್ಲಿ ಅಲ್ಲಿನ ವಿಜ್ಞಾನಿಗಳೂ ತಾಯಂದಿರೂ ಕೂಡಿ ಹುಡುಕಿದರು. ಹಾಲುಹಲ್ಲು ಅದಕ್ಕೆ ಹೇಳಿ ಮಾಡಿಸಿದ ಸಾಕ್ಷಿ. ಅದಕ್ಕೆ ಸುಣ್ಣ ಕಟ್ಟಲು ಶುರುವಾಗುವುದು ಬಸಿರಿನ ನಾಲ್ಕನೇ ತಿಂಗಳಲ್ಲಿ. ಹುಟ್ಟಿದ ದಿನದ ಗುರುತು ಎನಾಮೆಲ್ಲಿನಲ್ಲಿ ಸಣ್ಣ ಗೆರೆಯಾಗಿ ಉಳಿದಿರುತ್ತದೆ. ಒಮ್ಮೆ ಕಟ್ಟಿದ ಎನಾಮೆಲ್ಲನ್ನು ದೇಹ ಮತ್ತೆ ತಿದ್ದುವುದಿಲ್ಲ. ಹಲ್ಲು ಕೊಟ್ಟ ಮಗುವಿಗೊಂದು ಬ್ಯಾಡ್ಜು ಸಿಗುತ್ತಿತ್ತು. ಹನ್ನೆರಡು ವರ್ಷಗಳಲ್ಲಿ ಸುಮಾರು 3,20,000 ಹಲ್ಲುಗಳು ಬಂದವು. 1950ರ ದಶಕದ ಆರಂಭದ ವರ್ಷಗಳಲ್ಲೇ ವರ್ಷದಿಂದ ವರ್ಷಕ್ಕೆ ಆ ವಿಷ ಏರುತ್ತಿತ್ತೆಂದು 1961ರಲ್ಲಿ ಪ್ರಕಟವಾಯಿತು. 1963ರಲ್ಲಿ ಬಯಲು ಪರೀಕ್ಷೆಗಳನ್ನು ನಿಷೇಧಿಸಿದ ಒಪ್ಪಂದದ ಹಿಂದಿನ ಒತ್ತಡದಲ್ಲಿ ಈ ಹಲ್ಲುಗಳ ಪಾಲೂ ಇತ್ತು.

2001ರಲ್ಲಿ ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಳೆಯ ದಾಸ್ತಾನಿನಲ್ಲಿ ಸುಮಾರು 85,000 ಹಲ್ಲುಗಳು ಮತ್ತೆ ಸಿಕ್ಕವು, ಮಕ್ಕಳ ವಿವರದ ಚೀಟಿಗಳ ಸಮೇತ. ಹಾರ್ವರ್ಡಿನ ಸಂಶೋಧಕರು ಈಗ ಆ ಹಲ್ಲುಗಳ ಒಡೆಯರನ್ನು, ಅಂದರೆ ಅಜ್ಜ ಅಜ್ಜಿಯರಾಗಿರುವ ಅಂದಿನ ಮಕ್ಕಳನ್ನು, ಹುಡುಕಿ ಮಾತಾಡಿಸುತ್ತಿದ್ದಾರೆ. ಬಸಿರಿನಲ್ಲೂ ಎಳವೆಯಲ್ಲೂ ಮೈಸೇರಿದ ಲೋಹಗಳಿಗೂ ಮುಪ್ಪಿನಲ್ಲಿ ಕುಂದುವ ನೆನಪಿಗೂ ನಂಟಿದೆಯೇ ಎಂಬುದು ಅವರು ಆ ಹಾಲುಹಲ್ಲುಗಳನ್ನು ಕೇಳುತ್ತಿರುವ ಪ್ರಶ್ನೆ.