ಬೋಟಿನ ಅಡ್ಗಿ

ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋದ್ರೆ ಎಂಟ್-ಹತ್ತ್ ದಿನ ಬೋಟೇ ಮನಿ. ನಮ್ಮನಿಯವ್ರದ್ದ್ ಅಲ್ಲಿ ಅಡ್ಗಿ ಕೆಲ್ಸ. ಕುಚ್ಲಕ್ಕಿ ಅನ್ನ, ಆಗಷ್ಟೇ ಹಿಡ್ದ ಮೀನಿನ ಸಾರ್. ಸಿಹಿನೀರ್ ಮಾತ್ರ ಅಳ್ದ್ ಖರ್ಚ್ ಮಾಡ್ಕ್. ಪಾತ್ರೆ ತೊಳುಕೆ ಉಪ್ಪ್‌ನೀರೇ.

ಹೋದ್ಸಲ ಗಾಳಿ ಎದ್ದ್ ಎರಡ್ ದಿನ ಫೋನ್ ಹತ್ಲಿಲ್ಲ. ನಂಗೆ ಗಂಜಿ ಗಂಟ್ಲಲ್ಲಿ ಇಳಿಲಿಲ್ಲ ಕಾಣಿ. ಮೂರ್ನೇ ದಿನ ಕಾರವಾರದ ಬೈತ್‌ಕೋಲ್ ಬಂದರಿಂದ ಅವ್ರೇ ಫೋನ್ ಮಾಡ್ರ್: "ಗಾಳಿ ಇಳಿವರಿಗೆ ಇಲ್ಲೇ. ಬಟ್ಟೆ ಒಗ್ದ್ ಹಗ್ಗಕ್ಕೆ ಹಾಕ್ದೆ. ಪೇಟೆ ತಿರ್ಗಿ, ಕಡ್ಲ್ ಬದಿಯ ಚಪಲ್ ಯುದ್ಧನೌಕೆ ಕಂಡ್ಕಂಡ್ ಬಂದೆ." ಬೋಟಲ್ಲೇ ಇಪ್ಪವ್ರಿಗೆ ಕಾಂಬುಕೆ ಮತ್ತೊಂದ್ ಹಡಗೇ ಬೇಕಿತ್ತಾ! ನಗು ಬಂತ್, ಕಣ್ಣಲ್ಲ್ ನೀರೂ ಬಂತ್.

ಈಗ ಜೂನ್ 1ರಿಂದ ಜುಲೈ 31ರ ತನ್ಕ ಬೋಟಿಗೆ 61 ದಿನ ರಜೆ. ನಾನ್ ನಳ್ಳಿ ಬಿಟ್ರೆ ಓಡಿ ಬಂದ್ ತಿರ್ಪುತ್ರ್. ಸಾರಿಗೆ ಹುಳಿ ಸಾಲ್ದ್ ಅಂತ್ರ್. ಕಾಯಿ ಹೆರ್ದ್ ಕೊಡ್ತ್ರಲ್ದಾ, ಸುಮ್ನಿದ್ದೆ.